ಬೆಶರ್ ದಂಪತಿಯ ಕ್ಯಾಮೆರಾ ನಿಂತ ನೆಲ: ಜೀಗನ್‌ನಿಂದ ಕಲೋನ್‌ವರೆಗೆ ಆರು ದಿನ

ನೀರಿನ ಗೋಪುರ, ಗಣಿಯ ಹೆಡ್‌ಗೇರ್ (ಗಣಿಬಾವಿಯ ಮೇಲೆ ನಿಂತ ಎತ್ತುಗೋಪುರ), ಕಬ್ಬಿಣ ಕರಗಿಸುವ ಊದುಕುಲುಮೆ, ಗ್ಯಾಸ್ ಟ್ಯಾಂಕ್, ಸುಣ್ಣದ ಗೂಡು, ಧಾನ್ಯದ ಉಗ್ರಾಣ. ಜರ್ಮನ್ ಛಾಯಾಗ್ರಾಹಕ ದಂಪತಿ ಬೆರ್ನ್ಡ್ ಮತ್ತು ಹಿಲ್ಲಾ ಬೆಶರ್ ಸುಮಾರು ಅರ್ಧ ಶತಮಾನ ಫೋಟೋ ತೆಗೆದದ್ದು ಹೆಚ್ಚಾಗಿ ಇಂಥವನ್ನೇ. ಬೆರ್ನ್ಡ್ ಹುಟ್ಟಿದ್ದು 1931ರಲ್ಲಿ ಜೀಗನ್‌ನಲ್ಲಿ, ಹಿಲ್ಲಾ 1934ರಲ್ಲಿ ಪಾಟ್ಸ್‌ಡಾಮ್‌ನಲ್ಲಿ. 1957ರಲ್ಲಿ ಡುಸೆಲ್‌ಡಾರ್ಫ್‌ನ ಜಾಹೀರಾತು ಸಂಸ್ಥೆಯೊಂದರಲ್ಲಿ ಪರಿಚಯವಾಯಿತು, 1959ರಲ್ಲಿ ಜೊತೆಯಾಗಿ ಕೆಲಸ ಶುರು, 1961ರಲ್ಲಿ ಮದುವೆ. 2007ರಲ್ಲಿ ಬೆರ್ನ್ಡ್ ತೀರಿಕೊಳ್ಳುವವರೆಗೂ ಚಿತ್ರಗಳ ಕೆಳಗೆ ಇಬ್ಬರ ಹೆಸರೂ ಒಟ್ಟಿಗೇ ಇತ್ತು. ಯಾವ ಚಿತ್ರಕ್ಕೆ ಶಟರ್ ಒತ್ತಿದ್ದು ಯಾರು ಎಂದು ಅವರು ಬಿಡಿಸಿ ಹೇಳಲಿಲ್ಲ.

ಈ ದಾರಿಯಲ್ಲಿ ಮೊದಲು ಬರುವುದು ವಸ್ತುಗಳು, ಪ್ರಿಂಟುಗಳು ಕೊನೆಗೆ. ಗೋಡೆಯ ಮೇಲಿನ ಚಿತ್ರಗಳನ್ನೇ ಮೊದಲು ನೋಡಿದರೆ ಅವು ತಣ್ಣಗೆ, ಒಂದೇ ಥರ ಕಾಣುತ್ತವೆ. ಅದೇ ಜಾತಿಯ ಉಕ್ಕಿನ ಬುಡದಲ್ಲಿ ಕತ್ತೆತ್ತಿ ನಿಂತು ಬಂದವರಿಗೆ ಆ ‘ಒಂದೇ ಥರ’ವನ್ನು ಸಾಧಿಸಲು ಎಷ್ಟು ದುಡಿಮೆ ಬೇಕಾಯಿತು ಎಂಬುದು ಗೊತ್ತಾಗುತ್ತದೆ.

ಹೋಗಬೇಕಾದದ್ದು ಮಾರ್ಚ್ ಕೊನೆ–ಏಪ್ರಿಲ್ ಮೊದಲಲ್ಲಿ ಅಥವಾ ಅಕ್ಟೋಬರ್ ಕೊನೆಯಲ್ಲಿ. ಮೋಡ ಮುಚ್ಚಿದ ಆಕಾಶ ಮತ್ತು ಎಲೆ ಕಡಿಮೆ ಇರುವ ಮರ, ಎರಡೂ ಬೇಕು. ಜುಲೈ ತಿಂಗಳ ನೀಲಿ ಆಕಾಶದಲ್ಲಿ ಈ ಪ್ರವಾಸದ ಅರ್ಧ ಪಾಠ ಕಳೆದುಹೋಗುತ್ತದೆ. ಪ್ರಾದೇಶಿಕ ರೈಲು, ಟ್ರಾಮ್, ಬಸ್ಸು ಎಲ್ಲಕ್ಕೂ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆ. ಅದು ಮಾಸಿಕ ಚಂದಾ. ಆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ವೇಗದ ಐಸಿಇ ರೈಲಿಗೆ ಅದು ಸಲ್ಲುವುದಿಲ್ಲ. ಇಲ್ಲಿನ ಮ್ಯೂಸಿಯಂಗಳಲ್ಲಿ ಹೆಚ್ಚಿನವಕ್ಕೆ ಸೋಮವಾರ ರಜೆ, ಆದ್ದರಿಂದ ಮೊದಲ ದಿನ ಮಂಗಳವಾರವಾದರೆ ಒಳ್ಳೆಯದು.

ಮೊದಲ ದಿನ: ಜೀಗನ್

ಕಲೋನ್‌ನಿಂದ ಆರ್‌ಇ 9 ರೈಲು ಜೀಗ್ ನದಿಯ ಪಕ್ಕದಲ್ಲೇ ಬಳಸುತ್ತ ಸುಮಾರು ಒಂದೂವರೆ ಗಂಟೆಯಲ್ಲಿ ಜೀಗನ್ ತಲುಪುತ್ತದೆ. ಶತಮಾನಗಳ ಕಾಲ ಕಬ್ಬಿಣ ತೆಗೆದ ಕಣಿವೆ ಇದು: ಬೆಟ್ಟದೊಳಗೆ ಅದಿರು, ಬೆಟ್ಟದ ಮೇಲೆ ಇದ್ದಿಲಿಗೆ ಬೇಕಾದ ಮರ. ಬೆರ್ನ್ಡ್ ಇಲ್ಲಿ ಮೊದಲು ಕಲಿತದ್ದು ಅಲಂಕಾರಿಕ ಚಿತ್ರಕಲೆ, ಗೋಡೆಗೆ ಬಣ್ಣ ಬಳಿಯುವ ಕುಶಲ ಕೆಲಸ. ಆಮೇಲೆ ಸ್ಟುಟ್‌ಗಾರ್ಟ್‌ನಲ್ಲಿ ಚಿತ್ರಕಲೆ, ಡುಸೆಲ್‌ಡಾರ್ಫ್‌ನಲ್ಲಿ ಅಕ್ಷರಕಲೆ. 1957ರಲ್ಲಿ ಜೀಗನ್ ಪಕ್ಕದ ಐಸರ್ನ್ ಎಂಬಲ್ಲಿ ಮುಚ್ಚಿದ ಗಣಿಯೊಂದನ್ನು ಪೆನ್ಸಿಲಿನಲ್ಲಿ ಬರೆಯಲು ಕೂತರು. ಚಿತ್ರ ಮುಗಿಯುವ ಮೊದಲೇ ಗಣಿಯನ್ನು ಕೆಡವತೊಡಗಿದರು. ಬರೆಯುವ ಕೈಗಿಂತ ಕೆಡವುವ ಕೈ ವೇಗವಾಗಿದ್ದುದರಿಂದ ಬೆರ್ನ್ಡ್ 35 ಮಿ.ಮೀ. ಕ್ಯಾಮೆರಾ ಹಿಡಿದರು. ಫೋಟೋ ಆಗ ಬರಿಯ ಟಿಪ್ಪಣಿ. ಕತ್ತರಿಸಿ, ಅಂಟಿಸಿ, ಚಿತ್ರಕ್ಕೆ ಬಳಸುವ ಸಾಮಗ್ರಿ.

ಆ ಸಣ್ಣ ಕ್ಯಾಮೆರಾದಿಂದ ಎರಡು ತೊಂದರೆ. ಗೋಪುರ ಪೂರ್ತಿ ಹಿಡಿಸಬೇಕೆಂದರೆ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬೇಕು, ಆಗ ನೇರ ಕಂಬಗಳು ತುದಿಯಲ್ಲಿ ಒಂದಕ್ಕೊಂದು ಬಾಗುತ್ತವೆ. ಇನ್ನೊಂದು, ಸಣ್ಣ ಫಿಲ್ಮನ್ನು ದೊಡ್ಡದು ಮಾಡಿದಾಗ ಬೋಲ್ಟು, ಸರಳು, ಏಣಿಯ ಮೆಟ್ಟಿಲು ಎಲ್ಲ ಕಾಳುಕಾಳಾಗಿ ಕರಗುತ್ತವೆ. ಇದಕ್ಕೆ ಪರಿಹಾರ ಹಿಲ್ಲಾ ಕಲಿತು ಬಂದ ಕಸುಬಿನಲ್ಲಿತ್ತು. ಪಾಟ್ಸ್‌ಡಾಮ್‌ನಲ್ಲಿ ವಾಲ್ಟರ್ ಐಷ್‌ಗ್ರುನ್ ಅವರ ಸ್ಟುಡಿಯೊದಲ್ಲಿ ಪ್ಲೇಟ್ ಕ್ಯಾಮೆರಾ ಮತ್ತು ಡಾರ್ಕ್‌ರೂಮ್ ಕೆಲಸ ಕಲಿತ ಛಾಯಾಗ್ರಾಹಕಿ ಅವರು. ಈ ಜೋಡಿಯಲ್ಲಿ ಕ್ಯಾಮೆರಾದ ತರಬೇತಿ ಪಡೆದಿದ್ದವರು ಹಿಲ್ಲಾ ಎಂಬುದನ್ನು ಎಷ್ಟೋ ಬರಹಗಳು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಅದು ಅನ್ಯಾಯ.

ಮಧ್ಯಾಹ್ನ ಒಂದು ಸ್ಟೇಷನ್ ಹಿಂದಕ್ಕೆ, ಐಸರ್‌ಫೆಲ್ಟ್‌ನಲ್ಲಿ ಇಳಿದು ಬೀದಿಗಳಲ್ಲಿ ನಡೆಯಬೇಕು. ಬಿಳಿ ಗೋಡೆ, ಕಪ್ಪು ಮರದ ಚೌಕಟ್ಟು, ಮಳೆ ಬಡಿಯುವ ಬದಿಗೆ ಸ್ಲೇಟು ಕಲ್ಲಿನ ಹೊದಿಕೆ. ಗಣಿ, ಕುಲುಮೆ ಕಾರ್ಮಿಕರ ಇಂಥ ಮನೆಗಳನ್ನು ದಂಪತಿ 1959ರಿಂದ 1973ರವರೆಗೆ ತೆಗೆದರು. ಅವುಗಳಲ್ಲಿ ಕೆತ್ತನೆ, ಅಲಂಕಾರದ ಬಾಗು ತೊಲೆ ಯಾಕಿಲ್ಲ ಎಂಬುದಕ್ಕೆ 1790ರ ಕಟ್ಟಳೆಯೊಂದು ಕಾರಣ: ಕುಲುಮೆಯ ಇದ್ದಿಲಿಗೆ ಮರ ಉಳಿಯಲೆಂದು ಮನೆಗೆ ಎಷ್ಟು ಮರ, ಎಷ್ಟು ದಪ್ಪದ್ದು ಬಳಸಬಹುದೆಂದು ಮಿತಿ ಹಾಕಲಾಯಿತು. ಮನೆ ನಿಲ್ಲಲು ಬೇಕಾದಷ್ಟೇ ತೊಲೆ ಉಳಿಯಿತು. ನೋಡುವಾಗ ಕಿರಿದಾದ ತ್ರಿಕೋನ ಮುಖದ ಎದುರು ನಿಲ್ಲಿ, ಓರೆ ತೊಲೆಗಳು ಯಾವ ಮೂಲೆಯಲ್ಲಿವೆ ಎಂದು ಗಮನಿಸಿ. ಗಾಳಿಗೆ ಚೌಕಟ್ಟು ಕೋನ ತಪ್ಪದಂತೆ ಹಿಡಿಯುವುದು ಅವು, ಹಾಗಾಗಿ ಹೆಚ್ಚಾಗಿ ಮೂಲೆಗಂಬದ ಪಕ್ಕದಲ್ಲೇ ಇರುತ್ತವೆ. ಹಲವು ಮನೆಗಳಿಗೆ ಈಗ ಹಲಗೆ ಹೊದಿಸಿದ್ದಾರೆ ಅಥವಾ ಗಾರೆ ಮೆತ್ತಿದ್ದಾರೆ. ಪ್ರವಾಸಿಗರು ಮುಗಿಬೀಳುವ ಫ್ರಾಯ್ಡೆನ್‌ಬರ್ಗ್ ಪಟ್ಟಣ ಚೆಂದವೇ, ಆದರೆ ಅಲ್ಲಿ ಸಾಲುಮನೆಗಳ ಒಟ್ಟು ನೋಟ ಸಿಗುತ್ತದೆ. ಒಂದೊಂದೇ ಮನೆಯನ್ನು ಎದುರು ನಿಂತು ನೋಡಲು ಐಸರ್‌ಫೆಲ್ಟ್‌ನಂಥ ಸಾಧಾರಣ ಬೀದಿಯೇ ಸರಿ.

ಎರಡನೆಯ ದಿನ: ಡಾರ್ಟ್‌ಮುಂಡ್

ಜೀಗನ್‌ನಿಂದ ಹಾಗೆನ್ ಮೂಲಕ ಡಾರ್ಟ್‌ಮುಂಡ್, ಅಲ್ಲಿಂದ ಆರ್‌ಬಿ 43 ಎಂಬ ಸಣ್ಣ ರೈಲಿನಲ್ಲಿ ಬೋವಿಂಗ್‌ಹೌಸನ್. ಈ ರೈಲು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಸ್ಟೇಷನ್ನಿನಿಂದ ನಡೆದರೆ ತ್ಸೋಲರ್ನ್ II/IV ಎಂಬ ಕಲ್ಲಿದ್ದಲು ಗಣಿ. ಈಗ ಅದು ಆ ಪ್ರಾಂತ್ಯದ ಕೈಗಾರಿಕಾ ಮ್ಯೂಸಿಯಂ ಜಾಲದ ಕೇಂದ್ರ.

ನೋಡಲೇಬೇಕಾದದ್ದು 1902–03ರ ಯಂತ್ರಶಾಲೆ. ಉಕ್ಕಿನ ಚೌಕಟ್ಟು, ನಡುವೆ ಇಟ್ಟಿಗೆ, ಬ್ರೂನೊ ಮೋರಿಂಗ್ ರೂಪಿಸಿದ ಬಣ್ಣದ ಗಾಜಿನ ಬಾಗಿಲು. ಒಳಗೆ ಅಮೃತಶಿಲೆಯ ಸ್ವಿಚ್‌ಬೋರ್ಡು. ಗಣಿ ಮುಚ್ಚಿದ ಮೇಲೆ ಇದನ್ನು ಕೆಡವುವ ತೀರ್ಮಾನವಾಗಿತ್ತು. 1969ರಲ್ಲಿ ಕಲಾವಿದರು, ವಾಸ್ತುಶಿಲ್ಪಿಗಳು ಸರ್ಕಾರಕ್ಕೆ ಮನವಿ ಕೊಟ್ಟರು. ಆ ಹೋರಾಟದಲ್ಲಿ ಬೆಶರ್ ದಂಪತಿಯ ಫೋಟೋಗಳು ಪುರಾವೆಯಾಗಿ ನಿಂತವು. ಯಂತ್ರಶಾಲೆ ಉಳಿಯಿತು. ಜರ್ಮನಿಯಲ್ಲಿ ಕಾರ್ಖಾನೆಯ ಕಟ್ಟಡವನ್ನು ಸ್ಮಾರಕವೆಂದು ಕಾಯುವ ಪರಿಪಾಠ ಬೆಳೆದದ್ದು ಇಲ್ಲಿಂದ. ಅವರ ಚಿತ್ರಗಳು ನೆನಪಿನ ದಾಖಲೆ ಮಾತ್ರ ಎನ್ನುವವರು ಈ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಅಂಗಳದ ಎರಡು ಹೆಡ್‌ಗೇರ್‌ಗಳ ವಿಷಯದಲ್ಲಿ ಎಚ್ಚರ: ಅವು ಈ ಗಣಿಯವಲ್ಲ. ಮೂಲದವು ಗುಜರಿಗೆ ಹೋಗಿದ್ದರಿಂದ ಗೆಲ್ಸೆನ್‌ಕಿರ್ಷೆನ್ ಮತ್ತು ಹೆರ್ನೆ ಪಟ್ಟಣಗಳ ಗಣಿಗಳಿಂದ ತಂದು ನಿಲ್ಲಿಸಿದವು. ರಚನೆ ಕಲಿಯಲು ಅಡ್ಡಿಯಿಲ್ಲ. ಬಾವಿಯ ನೇರ ಮೇಲೆ ತುದಿಯಲ್ಲಿ ಗಾಲಿಗಳು; ಹಗ್ಗ ಬಾವಿಯಿಂದ ನೆಟ್ಟಗೆ ಮೇಲೆ ಬಂದು ಗಾಲಿ ಸುತ್ತಿ ಯಂತ್ರಶಾಲೆಯ ಕಡೆಗೆ ಓರೆಯಾಗಿ ಇಳಿಯುತ್ತದೆ. ಎರಡೂ ಕಡೆಯ ಎಳೆತ ಸೇರಿ ಬಲ ಬೀಳುವುದು ಆ ಎರಡು ಹಗ್ಗಗಳ ನಡುವಿನ ಕೋನವನ್ನು ಸೀಳಿದ ದಿಕ್ಕಿನಲ್ಲಿ. ಆ ದಿಕ್ಕಿಗೇ ಓರೆ ಕಾಲು ಕೊಟ್ಟಿರುತ್ತಾರೆ. ಕಾಲು ಯಾವ ಕಡೆ ಚಾಚಿದೆಯೋ ಯಂತ್ರ ಆ ಕಡೆ. ಎರಡೂ ಕಡೆ ಚಾಚಿದ್ದರೆ ಬಾವಿಯ ಎರಡೂ ಬದಿಗೆ ಯಂತ್ರಗಳಿದ್ದವೆಂದು ತಿಳಿಯಬೇಕು. ಇಷ್ಟು ತಿಳಿದರೆ ಬೆಶರ್ ಅವರ ಹೆಡ್‌ಗೇರ್ ಚಿತ್ರಗಳಲ್ಲಿ ಚೌಕಟ್ಟಿನಾಚೆ ಇರುವ ಯಂತ್ರಶಾಲೆಯೂ ಕಾಣತೊಡಗುತ್ತದೆ.

ಕ್ಯಾಮೆರಾದ ಲೆಕ್ಕವನ್ನೂ ಇಲ್ಲೇ ಮಾಡುವುದು ಒಳ್ಳೆಯದು. ಅವರು ಬಳಸಿದ್ದು 13×18 ಸೆಂ.ಮೀ. ಫಿಲ್ಮಿನ ದೊಡ್ಡ ಕ್ಯಾಮೆರಾ. 50 ಮೀಟರ್ ಎತ್ತರದ ಗೋಪುರ, 90 ಮೀಟರ್ ದೂರ, 300 ಮಿ.ಮೀ. ಲೆನ್ಸ್ ಎಂದುಕೊಳ್ಳಿ. ಫಿಲ್ಮಿನ ಮೇಲೆ ಗೋಪುರದ ಬಿಂಬ 167 ಮಿ.ಮೀ.; ನಿಲ್ಲಿಸಿದ 18 ಸೆಂ.ಮೀ. ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. ಕ್ಯಾಮೆರಾ ನೆಲದಿಂದ ಎರಡೇ ಮೀಟರ್ ಎತ್ತರದಲ್ಲಿದ್ದರೆ, ಅದನ್ನು ಓರೆ ಮಾಡದೆ ಗೋಪುರವನ್ನು ಹಾಳೆಯ ನಡುವಿಗೆ ತರಲು ಲೆನ್ಸನ್ನು ಸುಮಾರು 77 ಮಿ.ಮೀ. ಮೇಲೆ ಸರಿಸಬೇಕು. ಬಹುಪಾಲು ಕ್ಯಾಮೆರಾಗಳು ಅಷ್ಟು ಸರಿಯುವುದಿಲ್ಲ. ಸರಿದರೂ ಲೆನ್ಸಿನ ಬೆಳಕಿನ ವೃತ್ತದ ಅಂಚು ತಾಗಿ ಮೂಲೆಗಳು ಕಪ್ಪಾಗುತ್ತವೆ. ಅದೇ ಕ್ಯಾಮೆರಾವನ್ನು 25 ಮೀಟರ್ ಎತ್ತರಕ್ಕೆ ಒಯ್ದರೆ ಲೆನ್ಸ್ ಸರಿಸುವ ಅಗತ್ಯವೇ ಇಲ್ಲ. ಏಣಿ, ಎದುರಿನ ಕಟ್ಟಡದ ಮಾಡು, ತಾತ್ಕಾಲಿಕ ಅಟ್ಟ, ಪಕ್ಕದ ದಿಬ್ಬ ಎಂದು ಅವರು ಜೀವನಪೂರ್ತಿ ಹತ್ತುತ್ತಲೇ ಇದ್ದುದಕ್ಕೆ ಕಾರಣ ಇದು. ವಸ್ತುವಿನ ಅರ್ಧ ಎತ್ತರದಲ್ಲಿ ಕಣ್ಣು ನಿಂತರೆ ಬುಡವೂ ತುದಿಯೂ ಸಮನಾಗಿ ಕಾಣುತ್ತವೆ.

ಮೊಬೈಲಿನಲ್ಲಿ ಇದನ್ನು ಮಾಡಿ ನೋಡುವವರು ಅತಿ ಅಗಲದ ಲೆನ್ಸ್ ಬಿಟ್ಟು ದೂರ ಹೋಗಿ ಜೂಮ್ ಮಾಡಬೇಕು. ಬೆಳಕನ್ನು ಆಕಾಶಕ್ಕೆ ಅಳೆದರೆ ಉಕ್ಕು ಕಪ್ಪು ಕಡ್ಡಿಯಾಗುತ್ತದೆ. ಉಕ್ಕಿನ ನೆರಳು ಭಾಗವನ್ನು ಮುಟ್ಟಿ ಅಳೆದು, ಆಕಾಶ ಬೆಳ್ಳಗಾಗಲು ಬಿಡಿ.

ಮೂರನೆಯ ದಿನ: ಬೋಖುಮ್, ಎಸ್ಸೆನ್

ಬೋಖುಮ್‌ನ ಹನೋವರ್ ಗಣಿಯಲ್ಲಿ ಹೆಡ್‌ಗೇರ್‌ಗಿಂತ ಹಿಂದಿನ ತಲೆಮಾರು ನಿಂತಿದೆ: ಕೋಟೆಯಂಥ ಇಟ್ಟಿಗೆ ಗೋಪುರ. ಬಾವಿ ಆಳವಾದಂತೆ ಮರದ ಅಟ್ಟಗಳಿಗೆ ಭಾರ ತಾಳಲಾಗಲಿಲ್ಲ. ಉಕ್ಕು ಅಗ್ಗವಾಗುವ ಮೊದಲು ದಪ್ಪ ಗೋಡೆಗಳೇ ಹಗ್ಗದ ಎಳೆತ ಹೊತ್ತವು. ಕ್ರಿಮಿಯ ಯುದ್ಧದ ಕೋಟೆಯ ಹೆಸರಿನಿಂದ ಇವನ್ನು ಮಾಲಕೋಫ್ ಗೋಪುರ ಎನ್ನುತ್ತಾರೆ. ಫ್ರೀಡ್ರಿಖ್ ಕೋಪೆ 1870ರ ದಶಕದ ಕೊನೆಯಲ್ಲಿ ಹಗ್ಗವನ್ನು ಉರುಳೆಗೆ ಸುತ್ತುವ ಬದಲು ಗಾಲಿಯ ಮೇಲೆ ಹಾಯಿಸಿ, ಬರಿಯ ಘರ್ಷಣೆಯಿಂದ ಎಳೆಯುವ ವಿಧಾನ ಜಾರಿಗೆ ತಂದದ್ದೂ ಈ ಗಣಿಯಲ್ಲೇ. ಮುಂದೆ ಮೋಟರನ್ನೇ ಬಾವಿಯ ನೆತ್ತಿಗೆ ಏರಿಸಲು ಸಾಧ್ಯವಾದದ್ದು ಇದರಿಂದ, ಆಗ ಓರೆ ಕಾಲಿನ ಅಗತ್ಯವೇ ಹೋಯಿತು. ಚಳಿಗಾಲದಲ್ಲಿ ಒಳಗೆ ಬಿಡುವುದಿಲ್ಲ.

ಎಸ್ಸೆನ್‌ನ ತ್ಸೋಲ್‌ಫರೈನ್‌ಗೆ ರೈಲುನಿಲ್ದಾಣದಿಂದ 107 ನಂಬರಿನ ಟ್ರಾಮ್. 1932ರ ಹನ್ನೆರಡನೇ ಬಾವಿ, 55 ಮೀಟರಿನ ಜೋಡಿ ಕಾಲಿನ ಹೆಡ್‌ಗೇರ್, 2001ರಿಂದ ವಿಶ್ವ ಪರಂಪರೆಯ ತಾಣ. ಕಲ್ಲಿದ್ದಲು ತೊಳೆಯುವ ಕಟ್ಟಡದ ಎಸ್ಕಲೇಟರ್ 24 ಮೀಟರ್ ಮಟ್ಟಕ್ಕೆ ಒಯ್ಯುತ್ತದೆ. ‘ಅರ್ಧ ಎತ್ತರ’ ಎಂದರೆ ಎಷ್ಟು ಎಂಬುದು ಅಲ್ಲಿ ಮೈಗೆ ತಿಳಿಯುತ್ತದೆ. ಆದರೂ ಕಲ್ಲಿದ್ದಲು, ಉಕ್ಕಿನ ನಾಡಾದ ಇಡೀ ರೂರ್ ಪ್ರದೇಶದಲ್ಲಿ ಅತಿ ಹೆಚ್ಚು ಪ್ರವಾಸಿಗರು ಬರುವ ಈ ಜಾಗಕ್ಕೆ ಅರ್ಧ ದಿನ ಸಾಕು. ಫ್ರಿಟ್ಸ್ ಶೂಪ್ ಮತ್ತು ಮಾರ್ಟಿನ್ ಕ್ರೆಮರ್ ಎಂಬ ವಾಸ್ತುಶಿಲ್ಪಿಗಳು ನೋಟವನ್ನು ಮೊದಲೇ ಯೋಚಿಸಿ ಕಟ್ಟಿದ ಗಣಿ ಇದು. ಬೆಶರ್ ದಂಪತಿಯನ್ನು ಎಳೆದದ್ದು ಯಾರ ಸಹಿಯೂ ಇಲ್ಲದ, ಕೆಲಸಕ್ಕೆಂದೇ ರೂಪ ತಳೆದ ಕಟ್ಟಡಗಳು. ‘ಅನಾಮಿಕ ಶಿಲ್ಪಗಳು’ ಎಂಬುದು ಅವರು 1970ರ ತಮ್ಮ ಪುಸ್ತಕಕ್ಕೆ ಕೊಟ್ಟ ಹೆಸರು.

ಕಾನೂನಿನ ಮಾತೊಂದನ್ನು ಇಲ್ಲಿ ತಿಳಿದಿರಬೇಕು. ಜರ್ಮನಿಯಲ್ಲಿ ಸಾರ್ವಜನಿಕ ಬೀದಿಯಿಂದ ಕಾಣುವ ಕಟ್ಟಡದ ಫೋಟೋವನ್ನು ಮುಕ್ತವಾಗಿ ಪ್ರಕಟಿಸಬಹುದು. ಆದರೆ ಏಣಿ ಹತ್ತಿ ತೆಗೆದದ್ದಕ್ಕೆ ಆ ರಿಯಾಯಿತಿ ಇಲ್ಲ. ರೂರ್ ಪ್ರದೇಶದ ಗಣಿದಿಬ್ಬಗಳ ಮೇಲಿನ ಕಲಾಕೃತಿಗಳ ಮೊಕದ್ದಮೆಯಲ್ಲಿ 2024ರಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಡ್ರೋನ್ ಚಿತ್ರಕ್ಕೂ ರಿಯಾಯಿತಿ ಇಲ್ಲವೆಂದಿತು. ವಾಸ್ತುಶಿಲ್ಪಿ ತೀರಿ 70 ವರ್ಷ ಕಳೆದಿದ್ದರೆ ತೊಡಕಿಲ್ಲ. ಶೂಪ್ ತೀರಿಕೊಂಡದ್ದು 1974ರಲ್ಲಿ. ಮನೆಯ ಆಲ್ಬಮ್ಮಿಗೆ ಇದು ಅನ್ವಯಿಸದು, ಪುಸ್ತಕ ಮಾಡುವವರು ಗಮನಿಸಬೇಕು.

ನಾಲ್ಕನೆಯ ದಿನ: ಓಬರ್‌ಹೌಸನ್, ಡ್ಯೂಸ್‌ಬರ್ಗ್

ಓಬರ್‌ಹೌಸನ್‌ನ ಗ್ಯಾಸೊಮೀಟರ್ 117.5 ಮೀಟರ್ ಎತ್ತರ, ಸುಮಾರು 68 ಮೀಟರ್ ವ್ಯಾಸ. 1920ರ ದಶಕದ ಕೊನೆಯಲ್ಲಿ ಕಟ್ಟಿದ್ದು, 1988ರವರೆಗೆ ಬಳಕೆಯಲ್ಲಿತ್ತು. ಒಳಗೆ ಒಂದು ತಟ್ಟೆ ಅನಿಲದ ಪ್ರಮಾಣಕ್ಕೆ ತಕ್ಕಂತೆ ಏರಿ ಇಳಿಯುತ್ತಿತ್ತು. ಹೊರಗಿನ ಗೋಡೆ ಅಲುಗುತ್ತಿರಲಿಲ್ಲ. ಇದಕ್ಕೂ ಹಳೆಯ ಮಾದರಿಯಲ್ಲಿ ಟ್ಯಾಂಕೇ ದೂರದರ್ಶಕದ ಕೊಳವೆಗಳಂತೆ ಒಂದರೊಳಗೊಂದು ಜಾರುತ್ತಿತ್ತು, ಅದಕ್ಕೇ ಅದರ ಸುತ್ತ ಮಾರ್ಗದರ್ಶಿ ಕಂಬಗಳ ಪಂಜರ. ಬೆಶರ್ ಅವರ ಗ್ಯಾಸ್ ಟ್ಯಾಂಕ್ ಸರಣಿಗಳಲ್ಲಿ ಪಂಜರವಿದೆಯೇ ಇಲ್ಲವೇ ಎಂಬುದೇ ಮೊದಲ ಗುರುತು. ಎರಡು ಪ್ರದರ್ಶನಗಳ ನಡುವೆ ಇದು ಮುಚ್ಚಿರುತ್ತದೆ, ಮುಂಚೆಯೇ ವಿಚಾರಿಸಿ ಹೋಗಿ.

1999ರಲ್ಲಿ ಇದೇ ಟ್ಯಾಂಕಿನೊಳಗೆ ಇನ್ನೊಂದು ಕಲಾವಿದ ದಂಪತಿ, ಕ್ರಿಸ್ಟೊ ಮತ್ತು ಜಾನ್-ಕ್ಲೋಡ್, 13,000 ಎಣ್ಣೆ ಪೀಪಾಯಿಗಳ ಗೋಡೆ ಕಟ್ಟಿದ್ದರು. ಇಬ್ಬರೂ 1935ರ ಜೂನ್ 13ರಂದು ಹುಟ್ಟಿದವರು. ಅವರ ಕೃತಿಗಳು ಬಹಳ ಕಾಲ ಕ್ರಿಸ್ಟೊ ಒಬ್ಬರ ಹೆಸರಿನಲ್ಲೇ ಇದ್ದವು. 1994ರಲ್ಲಿ ಹಿಂದಿನ ದೊಡ್ಡ ಹೊರಾಂಗಣ ಕೃತಿಗಳಿಗೂ ಸೇರಿಸಿ ಇಬ್ಬರ ಹೆಸರನ್ನೂ ಹಾಕಿಕೊಂಡರು.

ಡ್ಯೂಸ್‌ಬರ್ಗ್ ನಿಲ್ದಾಣದಿಂದ 903 ಟ್ರಾಮಿನಲ್ಲಿ ಲಾಂಡ್‌ಶಾಫ್ಟ್ಸ್‌ಪಾರ್ಕ್. 1985ರಲ್ಲಿ ನಿಂತ ಕಬ್ಬಿಣದ ಕಾರ್ಖಾನೆ, ಪೀಟರ್ ಲಾಟ್ಸ್ ರೂಪಿಸಿದ ಉದ್ಯಾನ, ಪ್ರವೇಶ ಉಚಿತ. ಐದನೇ ಊದುಕುಲುಮೆಯನ್ನು ಮೆಟ್ಟಿಲು ಹತ್ತಿ ತುದಿಯವರೆಗೆ ನೋಡಬಹುದು. ಮೆಟ್ಟಿಲು ಕಬ್ಬಿಣದ ಜಾಲರಿ, ಕೆಳಗಿನದೆಲ್ಲ ಕಾಣುತ್ತದೆ, ಮಳೆಯಲ್ಲಿ ಜಾರುತ್ತದೆ.

ಕುಲುಮೆಯನ್ನು ಓದುವ ಕ್ರಮ ಹೀಗೆ. ಓರೆ ಸೇತುವೆಯ ಮೇಲೆ ತೊಟ್ಟಿಗಳಲ್ಲಿ ಅದಿರು, ಕೋಕ್ (ಕಾಯಿಸಿ ಹದ ಮಾಡಿದ ಕಲ್ಲಿದ್ದಲು), ಸುಣ್ಣಕಲ್ಲು ನೆತ್ತಿಗೆ ಹೋಗುತ್ತವೆ. ಪಕ್ಕದ ಎತ್ತರದ ಉರುಳೆಗಳಲ್ಲಿ ಕಾಯಿಸಿದ ಗಾಳಿ ಬುಡದಿಂದ ನುಗ್ಗುತ್ತದೆ. ನೆತ್ತಿಯಲ್ಲಿ ಹೊರಬಿದ್ದ ಅನಿಲ ದಪ್ಪ ಕೊಳವೆಯಲ್ಲಿ ಇಳಿದು ಧೂಳು ಹಿಡಿಯುವ ಡಬ್ಬಿಗೆ, ಅಲ್ಲಿಂದ ಶುದ್ಧೀಕರಣಕ್ಕೆ. ಅದರದೊಂದು ಪಾಲು ಗಾಳಿ ಕಾಯಿಸಲು ಮರಳುತ್ತದೆ. ಬೆಶರ್ ದಂಪತಿಗೆ ಅತಿ ಕಷ್ಟದ ವಸ್ತು ಇದೇ ಇರಬೇಕು. ನೀರಿನ ಗೋಪುರಕ್ಕೆ ಒಂದು ಹೊರಮೈ ಇದೆ, ಕುಲುಮೆಗೆ ಇಲ್ಲ: ಕರುಳೆಲ್ಲ ಹೊರಗೆ. ಯಾವ ಬದಿ ಮುಂಭಾಗ ಎಂದು ಅದು ಹೇಳುವುದಿಲ್ಲ. ಒಂದೆಡೆ ನಿಂತರೆ ಕೊಳವೆ ಸೇತುವೆಯನ್ನು ಮುಚ್ಚುತ್ತದೆ, ಇನ್ನೊಂದೆಡೆ ಸೇತುವೆ ಗಾಳಿಯುರುಳೆಗಳನ್ನು. ಆದ್ದರಿಂದ ಹಲವು ವಸ್ತುಗಳನ್ನು ಸುತ್ತಲೂ ತೆಗೆದರು; 45 ಡಿಗ್ರಿಗೊಂದರಂತೆ ಸರಿದರೆ ಎಂಟು ನೋಟಗಳಲ್ಲಿ ಒಂದು ಸುತ್ತು. ಕುಲುಮೆಯ ನೆತ್ತಿಗಳದ್ದೇ ಪ್ರತ್ಯೇಕ ಸರಣಿಯನ್ನೂ ಮಾಡಿದರು. ಕೆಲಸ ನಡೆಯುವ ಕಾರ್ಖಾನೆಯಾದರೆ ಹೊಗೆ, ಹಬೆ ಬೇರೆ. ಗಾಳಿ ಬೀಸಿ ಅವು ಪಕ್ಕಕ್ಕೆ ಸರಿಯಬೇಕು, ಮೋಡ ಮಾತ್ರ ಹರಿಯಬಾರದು.

ಐದನೆಯ ದಿನ: ಡುಸೆಲ್‌ಡಾರ್ಫ್

ಡ್ಯೂಸ್‌ಬರ್ಗ್‌ನಿಂದ ಡುಸೆಲ್‌ಡಾರ್ಫ್‌ಗೆ ಯು79 ಹತ್ತಿದರೆ ಹಳಿಯ ನಡುದಾರಿಯಲ್ಲೇ ಕೈಸರ್ಸ್‌ವೆರ್ಟ್, ಇಳಿಯಬೇಕಾದದ್ದು ಕ್ಲೆಮೆನ್ಸ್‌ಪ್ಲಾಟ್ಸ್. ರೈನ್ ದಂಡೆಯ ಈ ಹಳೆಯ ಬಡಾವಣೆಯಲ್ಲಿ ದಂಪತಿಯ ಮನೆ, ಡಾರ್ಕ್‌ರೂಮ್, ಪಾಠ ಎಲ್ಲ ಇದ್ದವು. ಮನೆ ಹುಡುಕುವ ಕೆಲಸ ಬೇಡ, ನೋಡಲು ತೆರೆದ ಜಾಗ ಅದಲ್ಲ.

ಊರೊಳಗಿನ ಕಲಾ ಅಕಾಡೆಮಿಯಲ್ಲಿ ಬೆರ್ನ್ಡ್ 1976ರಿಂದ 1996ರವರೆಗೆ ಫೋಟೋಗ್ರಫಿಯ ಪ್ರಾಧ್ಯಾಪಕರು. ಕಾಂಡಿಡಾ ಹೋಫರ್, ಥಾಮಸ್ ಸ್ಟ್ರೂತ್, ಥಾಮಸ್ ರೂಫ್, ಆಕ್ಸೆಲ್ ಹ್ಯೂಟೆ, ಆಂಡ್ರಿಯಾಸ್ ಗುರ್ಸ್ಕಿ ಆ ತರಗತಿಯಿಂದ ಬಂದವರು. ಹುದ್ದೆ ಇದ್ದದ್ದು ಬೆರ್ನ್ಡ್‌ಗೆ ಮಾತ್ರ, ಕಲಿಸಿದ್ದು ಇಬ್ಬರೂ. ಹಿಲ್ಲಾ ವಿದ್ಯಾರ್ಥಿನಿಯಾಗಿದ್ದಾಗಲೇ ಅಕಾಡೆಮಿಯ ಡಾರ್ಕ್‌ರೂಮನ್ನು ಕಟ್ಟಿ ನಿಲ್ಲಿಸಿದ್ದರು. ಅಕಾಡೆಮಿ ದಿನವೂ ತೆರೆದಿರುವುದಿಲ್ಲ, ಚಳಿಗಾಲದ ವಾರ್ಷಿಕ ಪ್ರದರ್ಶನದ ದಿನಗಳಲ್ಲಿ ಜನರನ್ನು ಒಳಗೆ ಬಿಡುತ್ತಾರೆ. ಹತ್ತಿರದ ಗ್ರಾಬೆಪ್ಲಾಟ್ಸ್‌ನಲ್ಲಿ ಕುನ್ಸ್ಟ್‌ಹಾಲೆ ಕಟ್ಟಡ ನೋಡಿ. 1969ರಲ್ಲಿ ಅವರ ದೊಡ್ಡ ಪ್ರದರ್ಶನ ನಡೆದದ್ದು ಅಲ್ಲಿ.

ಆರನೆಯ ದಿನ: ಕಲೋನ್

ಮೀಡಿಯಾಪಾರ್ಕ್‌ನ ಎಸ್‌ಕೆ ಪ್ರತಿಷ್ಠಾನದ ಫೋಟೋ ಸಂಗ್ರಹಾಲಯ 1990ರ ದಶಕದಿಂದ ಬೆಶರ್ ದಂಪತಿಯೊಂದಿಗೆ ಸೇರಿ ಅವರ ಕೆಲಸವನ್ನು ಕಾಪಾಡಿದೆ. ಹಿಂದಿನ ತಲೆಮಾರಿನ ಜರ್ಮನ್ ಛಾಯಾಗ್ರಾಹಕ ಆಗಸ್ಟ್ ಸಾಂಡರ್ ಅವರ ಸಂಗ್ರಹವೂ ಇಲ್ಲೇ. ಇಲ್ಲಿ ಬುಧವಾರ ರಜೆ. ಪ್ರದರ್ಶನ ಬದಲಾಗುವ ವಾರಗಳಲ್ಲಿ ಪೂರ್ತಿ ಮುಚ್ಚಿರುತ್ತದೆ. ಯಾವ ಕಾಲಕ್ಕೆ ಯಾರ ಚಿತ್ರ ಗೋಡೆಯಲ್ಲಿದೆ ಎಂದು ನೋಡಿಕೊಂಡೇ ದಿನ ಗೊತ್ತು ಮಾಡಬೇಕು. ಬೆಶರ್ ಅವರದ್ದು ಇಲ್ಲದ ಕಾಲವಾದರೆ ಜೀಗನ್‌ನ ಸಮಕಾಲೀನ ಕಲಾ ಮ್ಯೂಸಿಯಂ ಒಳ್ಳೆಯ ಬದಲಿ.

ಪ್ರಿಂಟುಗಳು ಸಾಮಾನ್ಯವಾಗಿ ಸುಮಾರು 30×40 ಸೆಂ.ಮೀ.; ಒಂಬತ್ತು, ಹನ್ನೆರಡು, ಹದಿನೈದರ ಸಾಲುಗಳಲ್ಲಿ ತೂಗುಹಾಕಿರುತ್ತಾರೆ. ಒಂದೇ ಸಾಲಿನಲ್ಲಿ ಬೆಲ್ಜಿಯಂನ ಗೋಪುರದ ಪಕ್ಕ ಪೆನ್ಸಿಲ್ವೇನಿಯದ್ದು ಇರಬಹುದು, ನಡುವೆ ಇಪ್ಪತ್ತು ವರ್ಷದ ಅಂತರವಿರಬಹುದು. ಬಿಸಿಲಿನಲ್ಲಿ ತೆಗೆದಿದ್ದರೆ ಒಂದರ ನೆರಳು ಎಡಕ್ಕೆ, ಇನ್ನೊಂದರದ್ದು ಬಲಕ್ಕೆ ಬಿದ್ದು ಕಣ್ಣು ನೆರಳುಗಳನ್ನೇ ಹೋಲಿಸುತ್ತಿತ್ತು. ಮೋಡದ ಬೆಳಕು, ಅರ್ಧ ಎತ್ತರದ ಕಣ್ಣು, ನಡುವಿನಲ್ಲಿ ವಸ್ತು, ಹಿನ್ನೆಲೆಗೆ ಬಿಳಿ ಆಕಾಶ: ಈ ನಿಯಮಗಳನ್ನು ದಶಕಗಟ್ಟಲೆ ಮುರಿಯದೆ ಪಾಲಿಸಿದ್ದರಿಂದಲೇ ಸಾಲು ಸಾಧ್ಯವಾಯಿತು. ಇಬ್ಬರಲ್ಲಿ ಒಬ್ಬರಿಗೆ ನಡುವೆ ಬೇಸರ ಬಂದು ಶೈಲಿ ಬದಲಿಸಿದ್ದರೆ ಹಳೆಯ ನೆಗೆಟಿವ್‌ಗಳೂ ಒಂಟಿಯಾಗುತ್ತಿದ್ದವು.

ನೀರಿನ ಗೋಪುರಗಳ ಸಾಲಿನ ಮುಂದೆ ಕನ್ನಡಿಗರು ಹೆಚ್ಚು ಹೊತ್ತು ನಿಲ್ಲಬಹುದು. ಕೆಳಗೆ ಕಿರಿದಾದ ಕಾಂಡ, ಮೇಲೆ ಅಗಲವಾದ ತೊಟ್ಟಿ. ಆಕೆನ್ ನಗರದ ಪ್ರಾಧ್ಯಾಪಕ ಒಟ್ಟೊ ಇಂಟ್ಸೆ 19ನೇ ಶತಮಾನದ ಕೊನೆಯಲ್ಲಿ ಇಂಥ ತೊಟ್ಟಿಗೆ ಹೊಸ ತಳ ರೂಪಿಸಿದರು. ಹೊರಗಿನ ಶಂಕುವಿನ ಭಾಗ ಆಧಾರದ ಬಳೆಯನ್ನು ಒಳಕ್ಕೆ ತಳ್ಳುತ್ತದೆ, ನಡುವಿನ ಉಬ್ಬಿದ ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಎರಡೂ ಬಹುಮಟ್ಟಿಗೆ ಸರಿಹೋಗುತ್ತವೆ. ಹಾಗಾಗಿ ಬಳೆಗೆ ಕಡಿಮೆ ಉಕ್ಕು ಸಾಕು, ಗೋಪುರವನ್ನೂ ತೊಟ್ಟಿಗಿಂತ ಕಿರಿದಾಗಿ ಕಟ್ಟಬಹುದು. ಕರ್ನಾಟಕದ ಊರೂರಿನ ಓವರ್‌ಹೆಡ್ ಟ್ಯಾಂಕ್‌ಗಳಲ್ಲಿ ಎಷ್ಟೋ ಇದೇ ಲೆಕ್ಕದವು. ಸಿವಿಲ್ ಎಂಜಿನಿಯರಿಂಗ್ ಓದಿದವರೆಲ್ಲ ಪರೀಕ್ಷೆಗೆ ‘ಇಂಟ್ಜೆ ಟ್ಯಾಂಕ್’ ಬಿಡಿಸಿದವರೇ. ಚಿತ್ರದಲ್ಲಿ ಹುಡುಕಬೇಕಾದದ್ದು ಕಾಂಡ ಮತ್ತು ತೊಟ್ಟಿ ಸೇರುವ ಗೆರೆ. ಅಲ್ಲಿಂದ ಹೊರಕ್ಕೆ ಶಂಕು ಚಾಚಿದ್ದರೆ ಒಳಗೆ ಕಾಣದ ಗುಮ್ಮಟ ಇದ್ದೀತೆಂದು ಊಹಿಸಬಹುದು.

1990ರಲ್ಲಿ ವೆನಿಸ್ ಬಿಯೆನ್ನಾಲೆ ಎಂಬ ಕಲಾಮೇಳ ಬೆಶರ್ ದಂಪತಿಗೆ ಗೋಲ್ಡನ್ ಲಯನ್ ಕೊಟ್ಟದ್ದು ಶಿಲ್ಪಕಲೆಯ ವಿಭಾಗದಲ್ಲಿ. 2004ರಲ್ಲಿ ಛಾಯಾಗ್ರಹಣದ ಹಾಸೆಲ್‌ಬ್ಲಾಡ್ ಪ್ರಶಸ್ತಿ ಬಂತು. ಬೆರ್ನ್ಡ್ ಹೋದ ಮೇಲೂ ಹಿಲ್ಲಾ 2015ರಲ್ಲಿ ತೀರಿಕೊಳ್ಳುವವರೆಗೆ ಹಳೆಯ ನೆಗೆಟಿವ್‌ಗಳೊಂದಿಗೆ ಕೆಲಸ ಮುಂದುವರಿಸಿದರು. 2022ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಇಬ್ಬರ ಜೀವಮಾನದ ಕೆಲಸವನ್ನು ಒಟ್ಟಿಗೆ ತೋರಿಸಿತು. ಈಗ ಅವರ ಸಂಗ್ರಹದ ಹೊಣೆ ಮಗ ಮಾಕ್ಸ್ ಬೆಶರ್ ಅವರದು. ಮಾಕ್ಸ್ ಕೂಡ ಫೋಟೋ ಕಲಾವಿದರೇ. ಅವರ ಚಿತ್ರಗಳಿಗೂ ಇಬ್ಬರ ಸಹಿ, ಇನ್ನೊಂದು ಅವರ ಹೆಂಡತಿ ಆಂಡ್ರಿಯಾ ರಾಬಿನ್ಸ್ ಅವರದು.